ಒತ್ತಕ್ಷರ ಮತ್ತು ಮರಳಿನ ತಟ್ಟೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಶಾಲೆಯಲ್ಲಿ ನಾನು ಟೀಚರ್. ಓದಲು ತಡವರಿಸುವ ಮಕ್ಕಳ ಅಮ್ಮಂದಿರು ನನ್ನನ್ನು ಜಾಸ್ತಿ ಕೇಳುವುದು ಒಂದೇ: "ಟೀಚರೇ, ಇವನಿಗೆ ಬುದ್ಧಿ ಕಡಿಮೆಯಾ?" ಖಂಡಿತ ಅಲ್ಲ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಅಕ್ಷರವನ್ನು ಅದರ ಧ್ವನಿಗೆ ಜೋಡಿಸುವುದು ಕಷ್ಟ. ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ.

ನಾಲ್ಕನೇ ಕ್ಲಾಸಿನ ಒಬ್ಬ ಹುಡುಗನಿದ್ದಾನೆ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಮಾತಿಗೆ ಮೂರೂ ನೀರು ಕುಡಿದಷ್ಟು ಸುಲಭ. ಪುಸ್ತಕ ತೆರೆದರೆ ಮಾತ್ರ ಒತ್ತಕ್ಷರದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. 'ಅಕ್ಕಿ' ಅವನ ಓದಿನಲ್ಲಿ 'ಅಕಿ'. ಹಾಗಾಗಿ ಮೊದಲು ಚಪ್ಪಾಳೆ ತಟ್ಟುತ್ತೇವೆ: ಅಕ್, ಕಿ. ನಡುವೆ ನಾಲಿಗೆ ಎಲ್ಲಿ ತಡೆಯುತ್ತದೆ ಅಂತ ಅವನಿಗೇ ತಿಳಿಯಬೇಕು. ಆಮೇಲೆ ತಟ್ಟೆಯಲ್ಲಿ ಮರಳು ಹರಡಿ, ಬೆರಳಲ್ಲಿ ಬರೆಯುತ್ತಾ ಜೋರಾಗಿ ಹೇಳುತ್ತಾನೆ. ಕಣ್ಣು, ಕಿವಿ, ಬೆರಳು ಮೂರಕ್ಕೂ ಒಟ್ಟಿಗೆ ಕೆಲಸ. ಸ್ವಲ್ಪ ಹೊತ್ತು ಸಾಕು, ಆದರೆ ದಿನಾ ಬೇಕು. ತಪ್ಪಿದ್ದನ್ನು ಐವತ್ತು ಸಲ ಬರೆಸುವುದು ಸುಮ್ನೆ ಹಿಂಸೆ, ಅಲ್ವಾ?

ಇನ್ನೊಂದು ಮಾತು. ಹೇಳುವ ಕೆಲಸ ಒಂದೊಂದೇ ಹೇಳಿ. "ಪುಸ್ತಕ ತೆಗಿ, 20ನೇ ಪುಟ ನೋಡು, ಎರಡನೇ ಲೆಕ್ಕ ಮಾಡು" ಅಂತ ಒಂದೇ ಉಸಿರಲ್ಲಿ ಹೇಳಿದರೆ ಇಂಥ ಎಷ್ಟೋ ಮಕ್ಕಳ ತಲೆಯಲ್ಲಿ ಎಲ್ಲವೂ ಉಳಿಯುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆಯೂ ಸೇರಿದೆ. ಈ ತೊಂದರೆ ಇದೆ ಎಂಬ ಸರ್ಟಿಫಿಕೇಟ್ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು ಕೇಳಬಹುದು. ನಾಚಿಕೆ ಯಾಕೆ? ಬಿಆರ್‌ಸಿಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ವಿಶೇಷ ಶಿಕ್ಷಕರನ್ನು ಈಗಲೇ ಕಾಣಿ. ಹತ್ತನೇ ಕ್ಲಾಸಿನ ತನಕ ಕಾಯಬೇಡಿ.