ಬೈಕು, ಕ್ಯಾಮೆರಾ, ಊರಿನ ಕೆಲಸ: ಸಮಯ ಹೇಗೆ ಹೊಂದಿಸುತ್ತೀರಿ?

ಕಚೇರಿಯಲ್ಲಾಗಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಾಗಲಿ ನನಗೆ ಎದುರಾಗುವ ಪ್ರಶ್ನೆ ಒಂದೇ: "ಬೈಕಿನಲ್ಲಿ ಸುತ್ತುತ್ತೀರಿ, ಫೋಟೊ ತೆಗೆಯುತ್ತೀರಿ, ಊರಿನ ಕೆಲಸವೆಂದು ಹಳೆಯ ಕಲ್ಲುಗಳ ಹಿಂದೆ ಬಿದ್ದಿದ್ದೀರಿ; ಇಷ್ಟಕ್ಕೆಲ್ಲ ಸಮಯ ಹೇಗೆ ಹೊಂದಿಸುತ್ತೀರಿ?" ಕೇಳುವವರ ಧ್ವನಿಯಲ್ಲಿ ನನ್ನ ಮೇಲಿನ ಮೆಚ್ಚುಗೆಗಿಂತ ನನ್ನ ಮನೆಯವರ ಮೇಲಿನ ಕನಿಕರವೇ ಹೆಚ್ಚಾಗಿರುತ್ತದೆ.

ಹೊಂದಿಸಲು ಹೊರಟಿದ್ದ ಕಾಲದಲ್ಲಿ ಮೂರೂ ಕೆಟ್ಟಿದ್ದವು ಎಂಬುದು ನನ್ನ ಉತ್ತರದ ಮೊದಲ ಭಾಗ. ಆಗ ತಿಂಗಳ ಒಂದು ಭಾನುವಾರ ಸವಾರಿಗೆ, ಒಂದು ಕ್ಯಾಮೆರಾಕ್ಕೆ, ಒಂದು ಬಡಾವಣೆಯ ಸಂಘದ ಸಭೆಗೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೆ. ನಸುಕಿನಲ್ಲೆದ್ದು ನಂದಿಬೆಟ್ಟಕ್ಕೆ ಹೋದರೆ ಸೂರ್ಯೋದಯಕ್ಕಿಂತ ಮುಂದಿನ ಗಾಡಿಯ ನಂಬರ್ ಪ್ಲೇಟನ್ನೇ ಹೆಚ್ಚು ಹೊತ್ತು ನೋಡಬೇಕಾಗುತ್ತಿತ್ತು. ಕಾರ್ತಿಕದ ಕೊನೆಯ ಸೋಮವಾರ ರಜೆ ಹಾಕಿ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದರೆ, ಅಲ್ಲಿ ಸಾಲುಗಟ್ಟಿ ನಿಂತ ಕ್ಯಾಮೆರಾಗಳ ನಡುವೆ ಎಲ್ಲರೂ ತೆಗೆಯುವ ಚಿತ್ರವನ್ನೇ ನಾನೂ ತೆಗೆದುಕೊಂಡು ಬರುತ್ತಿದ್ದೆ. ಸಂಘದ ಸಭೆಯಲ್ಲಿ ತೂಕಡಿಸುತ್ತಿದ್ದೆ. ಈಗ ನಾನು ಮನೆಯಿಂದ ಮೂವತ್ತು ಕಿಲೋಮೀಟರ್ ಆಚೆಗೆ ಹೋಗುವುದಿಲ್ಲ, ಮತ್ತು ಮೂರೂ ಹವ್ಯಾಸಗಳಿಗೆ ಇರುವುದು ಒಂದೇ ಕೆಲಸ: ನಮ್ಮ ಸುತ್ತಲಿನ ಹಳ್ಳಿಗಳ ಶಾಸನ ಮತ್ತು ವೀರಗಲ್ಲುಗಳನ್ನು ಹುಡುಕುವುದು, ಚಿತ್ರ ತೆಗೆಯುವುದು, ಅವು ಚರಂಡಿಯ ಚಪ್ಪಡಿಯಾಗದಂತೆ ನೋಡಿಕೊಳ್ಳುವುದು.

ಇದಕ್ಕೆ ನಾನಿರುವ ಜಾಗವೂ ಕಾರಣ. 2007ರಲ್ಲಿ ಏಳು ನಗರಸಭೆಗಳು ಮತ್ತು 110 ಹಳ್ಳಿಗಳ ಜೊತೆಗೆ ಬೆಂಗಳೂರಿನೊಳಗೆ ಸೇರಿಹೋದ ಏಕೈಕ ಪುರಸಭೆ ನಮ್ಮ ಕೆಂಗೇರಿ. 2021ರ ಆಗಸ್ಟ್‌ನಲ್ಲಿ ಮೆಟ್ರೊ ಬಂದ ಮೇಲೂ ಇಲ್ಲಿನ ಹಳಬರು ಮೆಜೆಸ್ಟಿಕ್ ಕಡೆಗೆ ಹೊರಟರೆ "ಸಿಟಿಗೆ ಹೋಗಿ ಬರ್ತೀನಿ" ಎಂದೇ ಹೇಳುತ್ತಾರೆ. ಸಣ್ಣ ಊರಿನ ಅನುಕೂಲವೂ ಉಪದ್ರವವೂ ಇಲ್ಲಿ ಇನ್ನೂ ಉಳಿದಿವೆ. ನಾನು ಯಾವ ರಸ್ತೆಯಲ್ಲಿ ಎಷ್ಟು ಹೊತ್ತಿಗೆ ಹೋದೆನೆಂಬುದು ನಾನು ಮನೆ ತಲುಪುವ ಮೊದಲೇ ನನ್ನ ಮನೆಗೆ ತಲುಪಿರುತ್ತದೆ.

ಈ ಹುಡುಕಾಟಕ್ಕೆ ನನ್ನ ಕೈಪಿಡಿ ಒಂದು ಹಳೆಯ ಪುಸ್ತಕ. ಮೈಸೂರು ಸೀಮೆಯ ಶಾಸನಗಳನ್ನು ಕಲೆಹಾಕಿದ ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಶಾಸನ ಸಂಗ್ರಹದ ಒಂಬತ್ತನೆಯ ಸಂಪುಟದಲ್ಲಿ, ಅಂದರೆ 1905ರಲ್ಲಿ ಪ್ರಕಟವಾದ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ, ಒಂದೊಂದು ಶಾಸನವೂ ಯಾವ ಊರಿನ ಯಾವ ದಿಕ್ಕಿನಲ್ಲಿ, ಯಾವ ಗುಡಿಯ ಬಳಿ ಅಥವಾ ಯಾರ ಹೊಲದಲ್ಲಿ ಇದೆಯೆಂದು ಬರೆಸಿದ್ದಾರೆ. ಆ ಹೊಲಗಳು ಈಗ ಬಡಾವಣೆಗಳಾಗಿವೆ. ನೂರಿಪ್ಪತ್ತು ವರ್ಷಗಳ ಹಿಂದಿನ ಆ ವಿಳಾಸವನ್ನು ಹಿಡಿದು ಇಂದಿನ ಅಡ್ಡರಸ್ತೆಗಳಲ್ಲಿ ಹುಡುಕುವುದಕ್ಕೆ ಕಾರು ನಿಷ್ಪ್ರಯೋಜಕ. ಹೊಲದ ಬದುವಿನವರೆಗೂ ಹೋಗುವ, ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ ದ್ವಿಚಕ್ರ ವಾಹನವೇ ಬೇಕು. ನನ್ನದು ಅಪ್ಪ ಬಿಟ್ಟುಹೋದ ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಕಾರಣ ಅದರ ಬಿಡಿಭಾಗ ಹುಡುಕುವುದೇ ಒಂದು ಪ್ರತ್ಯೇಕ ಹವ್ಯಾಸ, ಆದರೆ ಆ ಗಾಡಿ ನನಗೆ ಮಾಡಿಕೊಟ್ಟಿರುವ ಪರಿಚಯಗಳನ್ನು ಯಾವ ಗುರುತಿನ ಚೀಟಿಯೂ ಮಾಡಿಕೊಡಲಾರದು. ಅರಳಿಕಟ್ಟೆಯ ಬಳಿ ನಿಲ್ಲಿಸಿದರೆ ಸಾಕು, ಯಾರಾದರೊಬ್ಬ ಹಿರಿಯರು ಎದ್ದು ಬಂದು, ಕಿಕ್ಕರನ್ನೇ ಮಡಚಿ ಗೇರ್ ಹಾಕುವ ಗಾಡಿ ಇದೇ ಅಲ್ಲವೇ ಎಂದು ತಮ್ಮ ಯೌವನದ ಕಥೆ ತೆಗೆಯುತ್ತಾರೆ. ಆ ಕಥೆ ಮುಗಿಯುವ ಹೊತ್ತಿಗೆ ಕಲ್ಲು ಎಲ್ಲಿದೆಯೆಂಬುದೂ ತಿಳಿದಿರುತ್ತದೆ.

ಇನ್ನು ಕ್ಯಾಮೆರಾ. ಸವೆದ ಗ್ರಾನೈಟ್ ಕಲ್ಲಿನ ಅಕ್ಷರಗಳು ಬೆಳಕು ಎದುರಿನಿಂದ ನೇರವಾಗಿ ಬಿದ್ದಾಗ ಕಾಣುವುದೇ ಇಲ್ಲ. ಬೆಳಕು ಕಲ್ಲಿನ ಮೈಯನ್ನು ಪಕ್ಕದಿಂದ ಸವರಿಕೊಂಡು ಹೋದಾಗ ಮಾತ್ರ ಕೊರೆದ ಗೆರೆಯೊಳಗೆ ನೆರಳು ಬಿದ್ದು ಅಕ್ಷರ ಎದ್ದು ನಿಲ್ಲುತ್ತದೆ. ಆದ್ದರಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ ಕಲ್ಲಾದರೆ, ಸೂರ್ಯ ಆ ಮುಖದಿಂದ ಜಾರಿಹೋಗುವ ಇಲ್ಲವೇ ಅದರ ಮೇಲೆ ಆಗತಾನೆ ಬೀಳತೊಡಗುವ ಮಧ್ಯಾಹ್ನದ ಆಸುಪಾಸಿನ ಕೆಲವೇ ನಿಮಿಷಗಳಿಗೆ ಕಾಯಬೇಕು. ಅದಾಗದಿದ್ದರೆ ಕಪ್ಪು ಕೊಡೆಯಿಂದ ನೆರಳು ಮಾಡಿ, ಟಾರ್ಚನ್ನು ಕಲ್ಲಿಗೆ ಒರಗಿಸಿದಂತೆ ಹಿಡಿದು, ಎಡ, ಬಲ, ಮೇಲು, ಕೆಳಗೆ ಹೀಗೆ ಒಂದೊಂದು ದಿಕ್ಕಿನಿಂದಲೂ ಒಂದೊಂದು ಚಿತ್ರ ತೆಗೆಯಬೇಕು. ಕ್ಯಾಮೆರಾದ ಮೇಲಿರುವ ಫ್ಲ್ಯಾಶನ್ನು ನೇರವಾಗಿ ಹೊಡೆದರೆ ಅಕ್ಷರ ಮಾಯವಾಗುತ್ತದೆ. ಓದಲು ಸುಲಭವಾಗಲೆಂದು ಕಲ್ಲಿಗೆ ಸೀಮೆಸುಣ್ಣ ಉಜ್ಜುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೀರು ಮತ್ತು ಮೆದುವಾದ ಬ್ರಷ್ಷಿಗಿಂತ ಹೆಚ್ಚಿನದೇನೂ ಬೇಕಿಲ್ಲ. ಭಕ್ತಿಯಿಂದ ಎನಾಮಲ್ ಬಣ್ಣ ಬಳಿಯುವವರ ಮೇಲೆ ಮಾತ್ರ ಸಿಟ್ಟು ಮಾಡಿಕೊಳ್ಳಲಾಗುವುದಿಲ್ಲ, ಏಕೆಂದರೆ ಆ ಕಲ್ಲನ್ನು ದೇವರೆಂದು ಈವರೆಗೆ ಉಳಿಸಿಕೊಂಡು ಬಂದವರು ಅವರೇ.

ಊರಿನ ಕೆಲಸವೆಂಬುದು ಮೂರರಲ್ಲಿ ಅತ್ಯಂತ ನಿಧಾನವಾದದ್ದು, ಮತ್ತು ನಾನು ಅತಿ ಹೆಚ್ಚು ತಪ್ಪು ಮಾಡಿದ್ದೂ ಅಲ್ಲಿಯೇ. ಹೆಬ್ಬಾಳದಲ್ಲಿ ಸುಮಾರು 750ರ ಕಾಲದ ಕಿತ್ತಯ್ಯನ ಶಾಸನ 2018ರಲ್ಲಿ ಮಣ್ಣು ಅಗೆಯುವಾಗ ಸಿಕ್ಕಿದಾಗ ಜನರೇ ಮುಂದೆ ಬಂದು ಅದನ್ನು ಉಳಿಸಿಕೊಂಡ ಸುದ್ದಿಯಿಂದ ಉತ್ಸಾಹಗೊಂಡು, ನಾನು ಕಂಡ ಮೊದಲ ವೀರಗಲ್ಲಿನ ಚಿತ್ರವನ್ನು ಊರಿನ ಹೆಸರು, ಜಾಗದ ಸಮೇತ ಎಲ್ಲರಿಗೂ ಕಳುಹಿಸಿಬಿಟ್ಟೆ. ಎರಡೇ ವಾರದಲ್ಲಿ ಯಾರೋ ನಿಧಿಯ ಆಸೆಗೆ ರಾತ್ರಿ ಬಂದು ಕಲ್ಲಿನ ಬುಡ ಅಗೆದುಹಾಕಿದ್ದರು. ಆ ಕಾರಣದಿಂದಲೇ ಇಲ್ಲಿ ಯಾವ ಹಳ್ಳಿಯ ಹೆಸರನ್ನೂ ಬರೆಯುತ್ತಿಲ್ಲ. ಕಲ್ಲಿದೆಯೆಂದು ಗೊತ್ತಾದರೆ ಸರ್ಕಾರ ಜಮೀನನ್ನೇ ತೆಗೆದುಕೊಳ್ಳುತ್ತದೆ ಎಂಬ ರೈತರ ಭಯ ಇನ್ನೊಂದು. ಅದಕ್ಕೆ ವಾದ ಮಾಡುವುದಕ್ಕಿಂತ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಕೊಟ್ಟು, ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವಿನದರಲ್ಲಿ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಲಿಂಗದ ಮುಂದೆ ಕುಳಿತ ಅದೇ ವೀರ ಎಂದು ಬೆರಳಿಟ್ಟು ತೋರಿಸುವುದು ಹೆಚ್ಚು ಫಲಕಾರಿ. ತುರುಗೊಳ್, ಅಂದರೆ ದನ ಹಿಡಿದೊಯ್ಯುವವರೊಡನೆ ನಡೆದ ಕಾಳಗದ ಕಲ್ಲಾದರೆ ಹಸು ಸಾಕಿದವರಿಗೆ ವಿವರಣೆಯೇ ಬೇಕಾಗುವುದಿಲ್ಲ. ಒಂದು ಹಳ್ಳಿಯಲ್ಲಿ ರಸ್ತೆ ಅಗಲ ಮಾಡುವಾಗ ಒಂದು ಕಲ್ಲನ್ನು ಇಪ್ಪತ್ತು ಹೆಜ್ಜೆ ಆಚೆ ನಿಲ್ಲಿಸಲು ನಾನು ಹನ್ನೊಂದು ಸಲ ಹೋಗಬೇಕಾಯಿತು; ಅಷ್ಟರಲ್ಲಿ ಜೆಸಿಬಿಯ ಹಲ್ಲು ತಾಗಿ ಮೂಲೆಯೊಂದು ಹಾರಿತ್ತು.

ಕಳೆದುಕೊಂಡದ್ದೂ ಇದೆ. ಲಡಾಖ್ ಸವಾರಿಗೆಂದು ಕೂಡಿಟ್ಟ ಹಣ ಎಂಜಿನ್ ಬಿಚ್ಚಿ ಕಟ್ಟುವುದಕ್ಕೆ ಹೋಯಿತು. ಹಕ್ಕಿಗಳಿಗೆಂದು ಕೊಂಡಿದ್ದ ಉದ್ದದ ಲೆನ್ಸನ್ನು ಮಾರಿದೆ, ಸ್ಪರ್ಧೆಗಳಿಗೆ ಚಿತ್ರ ಕಳಿಸುವುದನ್ನು ನಿಲ್ಲಿಸಿದೆ. ಜುಲೈನ ಎರಡನೆಯ ಭಾನುವಾರ ಬರುವ ಜಾವಾ–ಯೆಜ್ಡಿ ದಿನಕ್ಕೆ ಎರಡು ವರ್ಷದಿಂದ ಹೋಗಿಲ್ಲವೆಂದು ಗೆಳೆಯರು ಆಕ್ಷೇಪಿಸುತ್ತಾರೆ. ಇದೇ ಪ್ರಶ್ನೆಯನ್ನು ನನ್ನ ಹೆಂಡತಿಗೆ ಕೇಳಿದರೆ, ಸಮಯ ಹೊಂದಿಸುವವಳು ತಾನು ಎಂದು ಹೇಳುತ್ತಾಳೆ, ಅದು ನಿಜ.

ಹನ್ನೊಂದು ಸಲ ಅಲೆಸಿದ ಆ ಕಲ್ಲು ಹೊಸ ಜಾಗದಲ್ಲಿ ಎದ್ದು ನಿಂತ ದಿನ ನಾನು ಟಾರ್ಚು, ಕೊಡೆಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ, ಅಷ್ಟೂ ಸಲ ನನಗೆ ಮಜ್ಜಿಗೆ ಕೊಟ್ಟಿದ್ದ ಎದುರು ಮನೆಯ ಅಜ್ಜಿ ಹೊಸ ಸೀರೆಯುಟ್ಟು ಬಂದು, "ಕಲ್ಲಿಂದು ತಗ್ದಿದ್ದು ಸಾಕು ಕಣಪ್ಪ, ನಂದೊಂದು ತಗಿ, ನಾಳೆ ಗ್ವಾಡೆಗೆ ಹಾಕಕ್ಕೆ ಬೇಕಾಯ್ತದೆ" ಎಂದರು. ಇಳಿಬಿಸಿಲು ಪಕ್ಕದಿಂದ ಅವರ ಮುಖದ ಮೇಲೆ ಬೀಳುತ್ತಿತ್ತು. ಮೊದಲ ಚಿತ್ರವನ್ನು ಕ್ಯಾಮೆರಾದ ಪರದೆಯಲ್ಲಿ ತೋರಿಸಿದೆ. ಗೆರೆಗಳೆಲ್ಲ ಎದ್ದು ಕಾಣುತ್ತಿವೆ, ಇದು ಬೇಡ ಎಂದು ಅವರೇ ಚಪ್ಪರದ ನೆರಳಿಗೆ ಸರಿದು ಕುಳಿತರು.