ಕೂಪರ್ಸ್‌ಟೌನ್‌ಗೆ ಹೊರಡುವ ಮುನ್ನ ನಿಮ್ಮದೊಂದು ಪಟ್ಟಿ ಬರೆದಿಟ್ಟುಕೊಳ್ಳಿ

2025ರ ಅಕ್ಟೋಬರ್‌ನಲ್ಲಿ ನಾವು ಮೂವರು ಕೂಪರ್ಸ್‌ಟೌನ್‌ಗೆ ಹೋಗಿಬಂದೆವು. ನಾನು, ಹದಿಮೂರು ವರ್ಷದ ಮಗ, ಮತ್ತೆ ಮಿಷಿಗನ್‌ನಿಂದ ಬಂದಿದ್ದ ನಮ್ಮ ಭಾವ. ಅಮೆರಿಕದ ಬೇಸ್‌ಬಾಲ್ ಹಾಲ್ ಆಫ್ ಫೇಮ್, ಅಂದರೆ ಶ್ರೇಷ್ಠ ಆಟಗಾರರ ಗೌರವ ಭವನ, ಇರುವುದು ನ್ಯೂಯಾರ್ಕ್ ರಾಜ್ಯದ ಈ ಊರಿನಲ್ಲೇ. ನಿಮ್ಮ ಮನೆಯಲ್ಲೂ ಲಿಟಲ್ ಲೀಗ್ (ಮಕ್ಕಳ ಬೇಸ್‌ಬಾಲ್) ಆಡುವ ಮಗು ಇದ್ದರೆ ಇವತ್ತಲ್ಲ ನಾಳೆ ನೀವೂ ಹೋಗಬಹುದು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ದಾರಿ. ಊರಿಗೆ ರೈಲಿಲ್ಲ. ವಿಮಾನದಲ್ಲಿ ಬರುವವರು ಆಲ್ಬನಿಯಲ್ಲಿ ಇಳಿದು ಕಾರು ಬಾಡಿಗೆಗೆ ತೆಗೆದುಕೊಳ್ಳುವುದು ಒಳ್ಳೆಯದು, ಅಲ್ಲಿಂದ ಒಂದೂವರೆ ಗಂಟೆ. ನಾವು ನ್ಯೂಜೆರ್ಸಿಯಿಂದ 87ನೇ ಹೆದ್ದಾರಿ ಹಿಡಿದು ಕಿಂಗ್‌ಸ್ಟನ್‌ನಲ್ಲಿ ಇಳಿದು, ಕ್ಯಾಟ್‌ಸ್ಕಿಲ್ ಬೆಟ್ಟಗಳ ನಡುವೆ ಹೋಗುವ 28ನೇ ರಸ್ತೆಯಲ್ಲಿ ಹೋದೆವು. ಕೊಂಚ ನಿಧಾನ, ಆದರೆ ಅಕ್ಟೋಬರ್‌ನಲ್ಲಿ ಆ ಎಲೆಗಳ ಬಣ್ಣ ನೋಡಲಿಕ್ಕೇ ಹೋಗಬೇಕು. ಬೆಟ್ಟದಲ್ಲಿ ಫೋನ್ ಸಿಗ್ನಲ್ ಆಗಾಗ ಹೋಗುತ್ತದೆ. ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಕತ್ತಲಾದ ಮೇಲೆ ಜಿಂಕೆಗಳು ಅಡ್ಡ ಬರುತ್ತವೆ, ವಾಪಸ್ಸು ಬರುವಾಗ ಜೋಪಾನ.

ದಾರಿಗಿಂತ ಮುಖ್ಯವಾದ ಸಲಹೆ ಇನ್ನೊಂದಿದೆ. ಹೊರಡುವ ಮುಂಚೆ ಕಾರಿನಲ್ಲಿರುವ ಪ್ರತಿಯೊಬ್ಬರೂ ಒಬ್ಬೊಬ್ಬ ಆಟಗಾರನ ಹೆಸರು ಬರೆದುಕೊಳ್ಳಿ. ನಿವೃತ್ತರಾಗಿರಬೇಕು, ಹಾಲ್ ಆಫ್ ಫೇಮ್‌ನಲ್ಲಿ ಇರಬಾರದು, ಆದರೆ ಇರಬೇಕಿತ್ತು ಅಂತ ನಿಮಗೆ ಅನ್ನಿಸಬೇಕು. ಸುಮ್ನೆ ಹೋಗಿ ನೋಡಿ ಬಂದರೆ ಆಯ್ಕೆಯಾದವರ ಮುನ್ನೂರೈವತ್ತಕ್ಕೂ ಹೆಚ್ಚು ಕಂಚಿನ ಫಲಕಗಳು ಕಾಣುತ್ತವೆ, ಅಷ್ಟೆ. ಹೆಸರು ಹಿಡಿದುಕೊಂಡು ಹೋದರೆ ಗೋಡೆಯ ಮೇಲೆ ಇಲ್ಲದವರೂ ಕಾಣತೊಡಗುತ್ತಾರೆ.

ಇದಕ್ಕೆ ನಿಯಮ ಸ್ವಲ್ಪ ಗೊತ್ತಿರಬೇಕು. ಕನಿಷ್ಠ 10 ಸೀಸನ್ ಆಡಿ, ನಿವೃತ್ತಿಯಾಗಿ 5 ವರ್ಷ ಕಳೆದ ಮೇಲೆ ಆಟಗಾರನ ಹೆಸರು ಬೇಸ್‌ಬಾಲ್ ಪತ್ರಕರ್ತರ ಮುಂದೆ ಬರುತ್ತದೆ. 75 ಶೇಕಡಾ ಮತ ಬಿದ್ದರೆ ಒಳಗೆ. ಶೇಕಡಾ 5ಕ್ಕಿಂತ ಕಡಿಮೆ ಬಿದ್ದರೆ ಹೆಸರು ಪಟ್ಟಿಯಿಂದಲೇ ಹೋಗುತ್ತದೆ. ಆಮೇಲೆ ಉಳಿಯುವುದು 16 ಜನರ ಸಮಿತಿ ಒಂದೇ, ಅಲ್ಲಿ 12 ಮತ ಬೇಕು. ಜಗಳವೆಲ್ಲ ಆ 5 ಶೇಕಡಾದ್ದು.

ಭಾವ 1983ರಲ್ಲಿ ಓದಲು ಮಿಷಿಗನ್‌ಗೆ ಬಂದವರು. ಮರುವರ್ಷವೇ ಅಲ್ಲಿನ ಡೆಟ್ರಾಯ್ಟ್ ಟೈಗರ್ಸ್ ತಂಡ ಬೇಸ್‌ಬಾಲ್‌ನ ವರ್ಷದ ದೊಡ್ಡ ಕಿರೀಟವಾದ ವರ್ಲ್ಡ್ ಸೀರೀಸ್ ಗೆದ್ದಿತು. ಅವತ್ತಿನಿಂದ ಅವರ ಬಾಯಲ್ಲಿ ಒಂದೇ ಹೆಸರು, ಆ ತಂಡದ ಲೂ ವಿಟಕರ್. ಮಗನ ಚೀಟಿಯಲ್ಲಿ ಕೆನ್ನಿ ಲಾಫ್ಟನ್. ನನ್ನದು ಕರ್ಟ್ ಫ್ಲಡ್. ಕಿಂಗ್‌ಸ್ಟನ್ ದಾಟುವ ಹೊತ್ತಿಗೆ ವಾದ ಶುರುವಾಗಿತ್ತು.

ಭಾವನ ವಾದ ಕೇಳಿ. ಫೀಲ್ಡಿಂಗ್‌ಗೆ ನಿಂತರೆ ವಿಟಕರ್ ಸೆಕೆಂಡ್ ಬೇಸ್‌ನಲ್ಲಿ, ಆಲನ್ ಟ್ರಾಮೆಲ್ ಪಕ್ಕದ ಶಾರ್ಟ್‌ಸ್ಟಾಪ್‌ನಲ್ಲಿ. ಇಬ್ಬರೂ 1977ರ ಸೆಪ್ಟೆಂಬರ್ 9ರಂದು ಒಂದೇ ಪಂದ್ಯದಲ್ಲಿ ಮೊದಲ ಸಲ ಕಣಕ್ಕಿಳಿದರು. ಮುಂದೆ ಹತ್ತೊಂಬತ್ತು ಸೀಸನ್ ಒಟ್ಟಿಗೇ ಆಡಿದರು. ಟ್ರಾಮೆಲ್ ಹೊಡೆದ ಹಿಟ್‌ಗಳು 2,365. ವಿಟಕರ್ ಹೊಡೆದದ್ದು 2,369. ಹೋಮ್ ರನ್ ನೋಡಿದರೆ ಟ್ರಾಮೆಲ್ 185, ವಿಟಕರ್ 244. ಟ್ರಾಮೆಲ್ 2018ರಲ್ಲಿ ಒಳಗೆ ಹೋದರು. ವಿಟಕರ್‌ಗೆ 2001ರಲ್ಲಿ 515 ಮತಗಳಲ್ಲಿ ಬಿದ್ದದ್ದು 15. ಮೊದಲ ವರ್ಷವೇ ಪಟ್ಟಿಯಿಂದ ಹೊರಗೆ.

"ಒಂದೇ ಎತ್ತಿನ ಗಾಡಿ ನೋಡಿದ್ದೀಯೇನೋ ನೀನು?" ಅಂತ ಭಾವ ಹಿಂದಿನ ಸೀಟಿಗೆ ತಿರುಗಿ ಮಗನನ್ನು ಕೇಳಿದರು. "ಇದು ಜೋಡೆತ್ತಿನ ಗಾಡಿ ಕಣೋ. ಒಂದು ಎತ್ತಿಗೆ ಹಾರ ಹಾಕಿ ಇನ್ನೊಂದನ್ನ ಬಿಟ್ಟಿದ್ದಾರೆ."

ಭಾವ ಭದ್ರಾವತಿಯವರು. ಮುಂದಿನ ಮಾತು ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತಿತ್ತು. ಗವಾಸ್ಕರ್ 2009ರಲ್ಲೇ ಐಸಿಸಿ ಹಾಲ್ ಆಫ್ ಫೇಮ್ ಸೇರಿದರು. ಅದೇ ಕಾಲದಲ್ಲಿ ಆಡಿ 6,080 ಟೆಸ್ಟ್ ರನ್ ಗಳಿಸಿದ, ಅವರ ತಂಗಿಯನ್ನೇ ಮದುವೆಯಾದ ನಮ್ಮ ಭದ್ರಾವತಿಯ ಜಿ. ಆರ್. ವಿಶ್ವನಾಥ್ ಅಲ್ಲಿಲ್ಲ. ಈ ನೋವು ಗೊತ್ತಿರುವವನಿಗೆ ವಿಟಕರ್ ನೋವು ಬೇಗ ಅರ್ಥವಾಗುತ್ತದೆ, ಅಲ್ವಾ?

ಮಗ ಬಿಡಲಿಲ್ಲ. "ಮಾವ, ಲಾಫ್ಟನ್ 622 ಬೇಸ್ ಕದ್ದಿದ್ದಾರೆ. ನಾಲ್ಕು ಗೋಲ್ಡ್ ಗ್ಲವ್. ಅವರಿಗೂ ಒಂದೇ ವರ್ಷ!" ಹೌದು. (ಬೇಸ್ ಕದಿಯುವುದೆಂದರೆ ಚೆಂಡು ಹೊಡೆಯುವುದಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ ಸೇರುವುದು, ಗೋಲ್ಡ್ ಗ್ಲವ್ ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಪ್ರಶಸ್ತಿ.) 2013ರಲ್ಲಿ 569ರಲ್ಲಿ 18 ಮತ. ಆ ವರ್ಷ ಸ್ಟೀರಾಯ್ಡ್ ಆರೋಪ ಹೊತ್ತಿದ್ದ ಬ್ಯಾರಿ ಬಾಂಡ್ಸ್, ರಾಜರ್ ಕ್ಲೆಮೆನ್ಸ್ ಮೊದಲ ಸಲ ಪಟ್ಟಿಗೆ ಬಂದಿದ್ದರು. ಎಲ್ಲರೂ ಸ್ಟೀರಾಯ್ಡ್ ಬಗ್ಗೆಯೇ ಜಗಳವಾಡುತ್ತಿದ್ದರು. ಒಬ್ಬ ಮತದಾರ ಹತ್ತು ಹೆಸರಿಗಿಂತ ಜಾಸ್ತಿ ಬರೆಯುವಂತಿಲ್ಲ. ಕೊನೆಗೆ ಪತ್ರಕರ್ತರು ಆ ಸಲ ಯಾರನ್ನೂ ಆರಿಸಲಿಲ್ಲ. ಆ ಗದ್ದಲದಲ್ಲಿ ಲಾಫ್ಟನ್ ಕಡೆ ಯಾರೂ ತಿರುಗಿ ನೋಡಲಿಲ್ಲ. ಆಟಗಾರನ ತಪ್ಪೇನಿದೆ ಇದರಲ್ಲಿ?

ಊರು ತಲುಪಿದಾಗ ಹನ್ನೊಂದು ದಾಟಿತ್ತು. ಇದು ನಮ್ಮ ತಪ್ಪು. ಎರಡು ಸಾವಿರ ಜನರೂ ಇಲ್ಲದ ಹಳ್ಳಿ ಅದು. ಮೇನ್ ಸ್ಟ್ರೀಟ್‌ನಲ್ಲಿ ಜಾಗ ಹುಡುಕುತ್ತಾ ಮುಕ್ಕಾಲು ಗಂಟೆ ಸುತ್ತಿದೆವು. ಸಿಕ್ಕಿದರೂ ಅಲ್ಲಿ ಇಡೀ ದಿನ ನಿಲ್ಲಿಸಲಾಗದು. ಬೇಸಿಗೆಯಲ್ಲಿ ಊರ ಅಂಚಿನ ಪಾರ್ಕಿಂಗ್ ಜಾಗಗಳಿಂದ ಟ್ರಾಲಿ ಬಸ್ ಓಡುತ್ತದೆ, ಅಲ್ಲೇ ಬಿಟ್ಟು ಬನ್ನಿ. ಮ್ಯೂಸಿಯಂ ಒಂಬತ್ತಕ್ಕೆ ತೆರೆಯುತ್ತದೆ, ಆ ಹೊತ್ತಿಗೆ ಬಾಗಿಲ ಬಳಿ ಇದ್ದರೆ ಉತ್ತಮ. ದೊಡ್ಡವರ ಟಿಕೆಟ್ ಸುಮಾರು 30 ಡಾಲರ್. ನೋಡಲು ಕನಿಷ್ಠ ಐದು ಗಂಟೆ ಬೇಕು.

ಎಲ್ಲರೂ ಒಳಗೆ ಹೋದ ಕೂಡಲೇ ಫಲಕಗಳ ಹಜಾರಕ್ಕೆ ನುಗ್ಗುತ್ತಾರೆ. ಹಾಗೆ ಮಾಡಬೇಡಿ. ಮೊದಲು ಮೇಲಿನ ಮಹಡಿಗಳಿಗೆ ಹೋಗಿ. ಅಲ್ಲಿ ಆಟದ ಇಡೀ ಚರಿತ್ರೆ ಇದೆ. ಕಪ್ಪು ಆಟಗಾರರ ಬಗ್ಗೆ 2024ರಲ್ಲಿ ತೆರೆದ ವಿಭಾಗಕ್ಕೆ ಒಂದು ಗಂಟೆಯಾದರೂ ಕೊಡಿ. ಅದನ್ನು ನೋಡದೆ ಹೋದರೆ ಫಲಕಗಳು ಬರೀ ಅಂಕಿಅಂಶ.

ಬಕ್ ಓನೀಲ್ ಅವರ ಪ್ರತಿಮೆಯನ್ನೂ ತಪ್ಪಿಸಬೇಡಿ. ಕಪ್ಪು ಆಟಗಾರರನ್ನು ದೊಡ್ಡ ಲೀಗ್‌ಗಳಿಂದ ದೂರವಿಟ್ಟಿದ್ದಾಗ ಅವರು ಆಡುತ್ತಿದ್ದ ನೀಗ್ರೋ ಲೀಗ್‌ಗಳ ಆಟಗಾರ ಓನೀಲ್. 2006ರಲ್ಲಿ ಆ ಲೀಗ್‌ಗಳ ಕಾಲದ 17 ಜನರನ್ನು ಒಟ್ಟಿಗೆ ಆರಿಸಿದರು. ಅವರಲ್ಲಿ ಒಬ್ಬರೂ ಬದುಕಿರಲಿಲ್ಲ. ಬದುಕಿದ್ದ ಓನೀಲ್ ಆಯ್ಕೆಯಾಗಲಿಲ್ಲ. ಆದರೂ ಆ 94 ವರ್ಷದ ಹಿರಿಯರು ಸಮಾರಂಭಕ್ಕೆ ಬಂದು, ಆ ಹದಿನೇಳು ಜನರ ಪರವಾಗಿ ಮಾತಾಡಿ, ಸೇರಿದವರಿಂದ ಹಾಡು ಹಾಡಿಸಿದರು. ಅದೇ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಫಲಕ ಬಂದದ್ದು 2022ರಲ್ಲಿ. ಇದನ್ನು ಮಗನಿಗೆ ಹೇಳುವಾಗ ನನ್ನ ಗಂಟಲು ಕಟ್ಟಿತು.

ಫಲಕಗಳ ಹಜಾರವನ್ನು ಮಧ್ಯಾಹ್ನ ಮೂರರ ಮೇಲೆ ನೋಡಿ. ಜನ ಕಡಿಮೆ. ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ, ದೇವಸ್ಥಾನದ ಪ್ರಾಂಗಣದ ಹಾಗೆ. 1936ರ ಮೊದಲ ಐವರು ಕೊನೆಯ ದುಂಡು ಕೋಣೆಯಲ್ಲಿ ಇದ್ದಾರೆ. ಜಾಕಿ ರಾಬಿನ್ಸನ್ ಫಲಕದ ಮುಂದೆ ನಿಂತು ಅಕ್ಷರಗಳನ್ನು ಪೂರ್ತಿ ಓದಿ. 1962ರ ಫಲಕದಲ್ಲಿ ಅವರು ವರ್ಣಭೇದದ ಗೋಡೆ ಒಡೆದ ಮಾತೇ ಇರಲಿಲ್ಲ. ಆಟ ನೋಡಿ ಅಳೆಯಲಿ ಅಂತ ಅವರೇ ಬಯಸಿದ್ದರು. 2008ರಲ್ಲಿ ಅದನ್ನು ಸೇರಿಸಿ ಹೊಸದಾಗಿ ಎರಕ ಹೊಯ್ದರು. ಕಂಚಿನಲ್ಲಿ ಬರೆದದ್ದನ್ನೂ ಬದಲಿಸಬಹುದು ಅಂತಾಯಿತು.

ಟ್ರಾಮೆಲ್ ಫಲಕದ ಹತ್ತಿರ ಭಾವ ತುಂಬಾ ಹೊತ್ತು ನಿಂತರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು. ಟ್ರಾಮೆಲ್ ಮೇಲೆ ಅವರಿಗೆ ಒಂಚೂರೂ ಕೋಪವಿಲ್ಲ. "ಇವನು ಚೆಂಡು ಎಸೆಯೋ ಮುಂಚೆನೇ ಅವನು ಬೇಸ್ ಮೇಲೆ ಇರ್ತಿದ್ದ" ಅಂದರು. ಅಷ್ಟೇ.

ನನ್ನ ಜೋಡಿ ಇನ್ನೊಂದು ಕಡೆ ಇತ್ತು. ಆಟಗಾರರ ಸಂಘ ಕಟ್ಟಿದ ಮಾರ್ವಿನ್ ಮಿಲ್ಲರ್ 2020ರ ಬ್ಯಾಚಿನಲ್ಲಿ ಆಯ್ಕೆಯಾದರು, ಅವರ ಫಲಕ ಇದೆ. ಕರ್ಟ್ ಫ್ಲಡ್ ಫಲಕ ಇಲ್ಲ. ಏಳು ಗೋಲ್ಡ್ ಗ್ಲವ್ ಗೆದ್ದ ಆಟಗಾರ ಫ್ಲಡ್. 1969ರಲ್ಲಿ ಸೇಂಟ್ ಲೂಯಿಸ್ ತಂಡ ಅವರನ್ನು ಫಿಲಡೆಲ್ಫಿಯಾಗೆ ಕೊಟ್ಟುಬಿಟ್ಟಿತು. ಆಗ ಆಟಗಾರನಿಗೆ ಬೇಡ ಅನ್ನುವ ಹಕ್ಕೇ ಇರಲಿಲ್ಲ. ತಂಡವೇ ಅವನನ್ನು ಬಿಟ್ಟುಕೊಡುವವರೆಗೂ ಅವನು ಆ ತಂಡದ ಸೊತ್ತು. ನಾನು ಮಾರುವ ಕೊಳ್ಳುವ ವಸ್ತುವಲ್ಲ ಅಂತ ಫ್ಲಡ್ ಬೇಸ್‌ಬಾಲ್ ಕಮಿಷನರ್‌ಗೆ ಪತ್ರ ಬರೆದರು, ನ್ಯಾಯಾಲಯಕ್ಕೆ ಹೋದರು. ಮಿಲ್ಲರ್ ಫ್ಲಡ್ ಬೆನ್ನಿಗೆ ನಿಂತರು. 1972ರಲ್ಲಿ ಫ್ಲಡ್ ಸುಪ್ರೀಂ ಕೋರ್ಟ್‌ನಲ್ಲಿ 5-3ರಿಂದ ಸೋತರು. ಅಷ್ಟರಲ್ಲಿ ಆಟದ ಬದುಕು ಮುಗಿದಿತ್ತು. ಮೂರೇ ವರ್ಷದಲ್ಲಿ, 1975ರ ಕೊನೆಗೆ, ಬೇರೆ ಇಬ್ಬರು ಆಟಗಾರರ ವ್ಯಾಜ್ಯದಲ್ಲಿ ಆ ಪದ್ಧತಿಯೇ ಮುರಿದುಬಿತ್ತು. ಇವತ್ತಿನ ಆಟಗಾರರು ತಂಡ ಆರಿಸಿಕೊಂಡು ಕೋಟಿಗಟ್ಟಲೆ ಡಾಲರ್ ಪಡೆಯುತ್ತಿರುವುದರಲ್ಲಿ ಫ್ಲಡ್ ಪಾಲೂ ಇದೆ. ಬರೀ ಹಿಟ್ ಲೆಕ್ಕದಲ್ಲಿ ಅವರು ಕೊಂಚ ಹಿಂದೆ ಬೀಳಬಹುದು, ಅವು 1,861. ಆದರೆ ಆಟವನ್ನೇ ಬದಲಿಸಿದವರಿಗೆ ಜಾಗವಿಲ್ಲದಿದ್ದರೆ ಅದು ಎಂಥ ಗೌರವ ಭವನ? ಅವರು 1997ರಲ್ಲೇ ಹೋಗಿಬಿಟ್ಟರು.

ಊಟದ ವಿಷಯ. ಸಸ್ಯಾಹಾರಿಗಳಿಗೆ ಪಿಜ್ಜಾ, ಸಲಾಡ್ ಬಿಟ್ಟರೆ ಹೆಚ್ಚೇನಿಲ್ಲ. ನಾವು ಚಪಾತಿ, ಚಟ್ನಿಪುಡಿ, ಮೊಸರನ್ನ ಕಟ್ಟಿಕೊಂಡು ಹೋಗಿ ಒಟ್ಸೆಗೊ ಸರೋವರದ ದಡದಲ್ಲಿ ಕೂತು ತಿಂದೆವು. ಮ್ಯೂಸಿಯಂನಿಂದ ಇಳಿಜಾರಿನಲ್ಲಿ ಐದು ನಿಮಿಷದ ನಡಿಗೆ. ಸಸ್ಕ್ವೆಹಾನ ನದಿ ಹುಟ್ಟುವುದೇ ಆ ಕೆರೆಯಿಂದ. ಪಕ್ಕದ ಡಬಲ್‌ಡೇ ಫೀಲ್ಡ್ ಮೈದಾನವನ್ನೂ ನೋಡಿ. ಆಬ್ನರ್ ಡಬಲ್‌ಡೇ ಇಲ್ಲೇ 1839ರಲ್ಲಿ ಬೇಸ್‌ಬಾಲ್ ಕಂಡುಹಿಡಿದರು ಅನ್ನುವುದು ಕಟ್ಟುಕಥೆ, ಆದರೆ ಆ ಕಥೆ ಇಲ್ಲದಿದ್ದರೆ ಈ ಊರಿಗೆ ಮ್ಯೂಸಿಯಂ ಬರುತ್ತಿರಲಿಲ್ಲ.

ಜೂನ್‌ನಿಂದ ಆಗಸ್ಟ್‌ವರೆಗೆ ಸುತ್ತಮುತ್ತ ಮಕ್ಕಳ ಟೂರ್ನಮೆಂಟ್‌ಗಳು ನಡೆಯುತ್ತವೆ. ಪ್ರತಿ ವಾರ ಹೊಸ ತಂಡಗಳು, ಜೊತೆಗೆ ಅವರ ಅಪ್ಪ ಅಮ್ಮಂದಿರು. ರೂಮು ಬಾಡಿಗೆ ಏರಿಬಿಡುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಕಾಲ. ಒನಿಯೊಂಟಾ ಕಡೆ ಉಳಿದರೆ ಇನ್ನೂ ಅಗ್ಗ, ಅರ್ಧ ಗಂಟೆ ದೂರ. ಜುಲೈ ಕೊನೆಯ ಸೇರ್ಪಡೆ ಸಮಾರಂಭ ನೋಡಬೇಕೆಂದರೆ ಮಾತ್ರ ರೂಮು ಒಂದು ವರ್ಷ ಮೊದಲೇ ಹಿಡಿಯಿರಿ. ಸಮಾರಂಭಕ್ಕೆ ಟಿಕೆಟ್ ಬೇಕಿಲ್ಲ, ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಕೂರಬಹುದು.

ನಾವು ಬಂದ ಮುಂದಿನ ತಿಂಗಳು ಸಮಿತಿಯ ಪಟ್ಟಿ ಹೊರಬಂತು. ಎಂಟು ಹೆಸರು. ವಿಟಕರ್ ಇಲ್ಲ, ಲಾಫ್ಟನ್ ಇಲ್ಲ. ಡಿಸೆಂಬರ್‌ನಲ್ಲಿ ಆಯ್ಕೆಯಾದವರು ಜೆಫ್ ಕೆಂಟ್ ಒಬ್ಬರೇ, ಅವರೂ ಸೆಕೆಂಡ್ ಬೇಸ್‌ನವರೇ. ಫ್ಲಡ್ ಕಾಲದವರ ಸರದಿ 2027ರ ಡಿಸೆಂಬರ್‌ಗೆ, ವಿಟಕರ್ ಕಾಲದವರದು 2028ರ ಡಿಸೆಂಬರ್‌ಗೆ. ಆ ರಾತ್ರಿ ಭಾವ ಫೋನ್ ಮಾಡಿದ್ದರು. 2029ರ ಜುಲೈಗೆ ಒನಿಯೊಂಟಾದಲ್ಲಿ ಮೂರು ಜನಕ್ಕೆ ರೂಮು ಈಗಲೇ ಸಿಗುತ್ತಾ ನೋಡು ಅಂದರು.