ಬಿದ್ದ ಹಕ್ಕಿಯನ್ನು ಕಡಲಿಗೆ ಬಿಡಬೇಡಿ

ಮಳೆಗಾಲದ ಬಿರುಗಾಳಿಗೆ ಸಿಕ್ಕಿದ ಫ್ರಿಗೇಟ್ ಎಂಬ ಕಡಲ ಹಕ್ಕಿಗಳು ಒಮ್ಮೊಮ್ಮೆ ನಮ್ಮ ಕಾಸರಗೋಡಿನ ಕರಾವಳಿಗೂ ಬಂದು ಬೀಳುತ್ತವೆ. ಕಂಡವರಿಗೆ ಮೊದಲು ತೋಚುವುದು ಅದನ್ನು ಎತ್ತಿ ನೀರಿಗೆ ಬಿಡುವುದು. ದಯವಿಟ್ಟು ಹಾಗೆ ಮಾಡಬೇಡಿ.

ಕಳೆದ ಆಟಿ ತಿಂಗಳಲ್ಲಿ ಶಿರಿಯ ಅಳಿವೆಯ ಬಳಿ ಸಿಕ್ಕಿದ್ದು ಹೆಣ್ಣು. ಮೈ ಕಪ್ಪು, ಎದೆ ಬಿಳಿ, ಬಾಲ ಕತ್ತರಿಯಂತೆ ಸೀಳಿತ್ತು. ಉದ್ದ ಕೊಕ್ಕಿನ ತುದಿ ಕೊಕ್ಕೆಯಾಗಿ ಕೆಳಗೆ ಬಾಗಿತ್ತು. ನಾನು ಬಹಳ ಹೊತ್ತು ನೋಡಿದ್ದು ಕಾಲುಗಳನ್ನು. ಅಷ್ಟು ದೊಡ್ಡ ಹಕ್ಕಿಗೆ ಅಷ್ಟು ಗಿಡ್ಡ ಕಾಲು! ಬೆರಳುಗಳ ನಡುವಿನ ಪೊರೆಯೂ ಅರ್ಧಕ್ಕೇ ನಿಂತಿತ್ತು. ಅದರಿಂದ ಈಜುವುದು ಹೇಗೆ?

“ಮಾಷ್ಟ್ರೇ, ಕಡಲ ಹಕ್ಕಿಯಲ್ಲವೇ? ನೀರು ಮುಟ್ಟಿದರೆ ಚೇತರಿಸಿಕೊಳ್ಳುತ್ತದೆ” ಎಂದರು ದೋಣಿಯ ಅಣ್ಣ. ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ಇದರ ಗರಿಗಳು ನೀರು ತಡೆಯುವುದಿಲ್ಲ. ಬಾತುಕೋಳಿಯ ಗರಿಗಿರುವಷ್ಟು ಎಣ್ಣೆ ಇದಕ್ಕಿಲ್ಲ. ಪೂರ್ತಿ ನೆನೆದರೆ ಮತ್ತೆ ಮೇಲೇಳುವುದು ಕಷ್ಟ.

ಈ ಜೀವದ ಬಾಳೆಲ್ಲ ಗಾಳಿಯಲ್ಲಿ. ಇವುಗಳಲ್ಲಿ ‘ದೊಡ್ಡ ಫ್ರಿಗೇಟ್’ ಎಂಬ ಜಾತಿಯ ಹಕ್ಕಿ ರೆಕ್ಕೆ ಹರಡಿದರೆ 2 ಮೀಟರಿಗೂ ಹೆಚ್ಚು, ತೂಕ ಮಾತ್ರ ಒಂದೂವರೆ ಕಿಲೋದ ಆಸುಪಾಸು. ಮೊಜಾಂಬಿಕ್ ಕಾಲುವೆಯ ಯುರೋಪಾ ದ್ವೀಪದ ಹಕ್ಕಿಗಳಿಗೆ ಉಪಕರಣ ಕಟ್ಟಿ ನೋಡಿದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ವಿವರ ಓದಿ ನಾನು ಬೆರಗಾದೆ. ಕೆಲವು ಹಕ್ಕಿಗಳು ಎರಡು ತಿಂಗಳವರೆಗೆ ನೆಲ ಮುಟ್ಟದೆ ಹಾರಿದ್ದವು. ಮೋಡದೊಳಗಿನ ಏರುಗಾಳಿ ಹಿಡಿದು ಮೇಲಕ್ಕೇರುವುದು, ಅಲ್ಲಿಂದ ಜಾರುತ್ತ ಮುಂದೆ ಸಾಗುವುದು. ಅದೇ ವರ್ಷ ಗಲಾಪಗೋಸ್‌ನ ಹಕ್ಕಿಗಳ ಮೇಲೆ ನಡೆದ ಅಧ್ಯಯನ ಅವು ಹಾರುತ್ತಲೇ ನಿದ್ರಿಸುತ್ತವೆ ಎಂದು ತೋರಿಸಿತು. ದಿನಕ್ಕೆ ಸುಮಾರು 42 ನಿಮಿಷದ ನಿದ್ದೆ, ಬಹುತೇಕ ಮಿದುಳಿನ ಒಂದೇ ಪಾರ್ಶ್ವದಲ್ಲಿ.

ಊಟವೂ ಹಾರುತ್ತಲೇ. ನೀರಿನಿಂದ ಚಿಮ್ಮುವ ಹಾರುಮೀನನ್ನು, ಮೇಲ್ಮೈಗೆ ಬಂದ ಬೊಂಡಾಸನ್ನು (ಸ್ಕ್ವಿಡ್) ಕೊಕ್ಕಿನಲ್ಲೇ ಎತ್ತುತ್ತದೆ. ಬೇರೆ ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗಿ, ಬಾಲ ಕಚ್ಚಿ ಅಲುಗಾಡಿಸಿ, ಅದು ಕಕ್ಕಿದ ಮೀನನ್ನು ಗಾಳಿಯಲ್ಲೇ ಹಿಡಿಯುವುದೂ ಇದೆ. ಇದರಿಂದ ಕಳ್ಳ ಎಂಬ ಹೆಸರು ಅಂಟಿದೆ. ನನಗೆ ಅದು ಅನ್ಯಾಯ ಎನಿಸುತ್ತದೆ. ಹೊಟ್ಟೆಗೆ ಬೇಕಾದುದರಲ್ಲಿ ಹೆಚ್ಚಿನದನ್ನು ಅದು ದುಡಿದೇ ತಿನ್ನುತ್ತದೆ. ಗಂಡು ಕೆಂಪು ಗಂಟಲಚೀಲ ಉಬ್ಬಿಸುವ ಚಿತ್ರವನ್ನು ಎಲ್ಲರೂ ನೋಡಿರುತ್ತೀರಿ. ಅದು ಗೂಡುಕಟ್ಟುವ ದ್ವೀಪಗಳಲ್ಲಿನ ಬೆಡಗು, ನಮ್ಮಲ್ಲಿಗೆ ಬರುವುದು ದಣಿದು ಸೋತ ಹಕ್ಕಿ.

ಹಾಗಾಗಿ ಈ ಮಳೆಗಾಲದಲ್ಲಿ ಮಂಜೇಶ್ವರದಿಂದ ಬೇಕಲದವರೆಗೆ ಯಾರಿಗಾದರೂ ಸಿಕ್ಕಿದರೆ, ಕೊಕ್ಕಿನ ಪೆಟ್ಟು ಬೀಳದಂತೆ ದಪ್ಪ ಬೈರಾಸು (ಟವೆಲ್) ಹೊದೆಸಿ ಹಿಡಿಯಿರಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಮಳೆ ತಾಗದ ಕಡೆ ಇಟ್ಟು ಅರಣ್ಯ ಇಲಾಖೆಗೆ ಫೋನ್ ಮಾಡಿ. ಬಾಯಿಗೆ ನೀರು ಹೊಯ್ಯಬೇಡಿ. ಯಾವ ಜಾತಿ ಎಂದು ಗುರುತಿಸಲು, ಸಾಧ್ಯವಾದರೆ ಮೊದಲೇ ಹೊಟ್ಟೆಯ ಕಡೆಯಿಂದ ಒಂದು ಫೋಟೋ ತೆಗೆಯಿರಿ. ಗಂಡುಹಕ್ಕಿ ಪೂರ್ತಿ ಕಪ್ಪಾಗಿದ್ದರೆ ದೊಡ್ಡ ಫ್ರಿಗೇಟ್, ಕಂಕುಳದತ್ತ ಬಿಳಿ ಪಟ್ಟೆಯಿದ್ದರೆ ‘ಕಿರಿಯ ಫ್ರಿಗೇಟ್’ ಎಂಬ ಜಾತಿ. ಹೊಟ್ಟೆಯಲ್ಲೇ ಬಿಳಿ ಮಚ್ಚೆ ಕಂಡರೆ ಕ್ರಿಸ್ಮಸ್ ಫ್ರಿಗೇಟ್ ಇರಬಹುದು. ಅದು ಗೂಡು ಕಟ್ಟುವುದು ಜಗತ್ತಿನಲ್ಲಿ ಹಿಂದೂ ಮಹಾಸಾಗರದ ಕ್ರಿಸ್ಮಸ್ ದ್ವೀಪ ಒಂದರಲ್ಲೇ.